ತಾತನ ಟ್ರಂಕು ರಿಪೇರಿ: ಮೂರು ಪದರ ಬಣ್ಣ, ಒಂದು ತಿರುಗುಮುರುಗು ಅಕ್ಷರ

ತಾತ ತೀರಿಕೊಂಡು ನಾಲ್ಕು ವರ್ಷ ಆಯಿತು. ಅವರ ಮಿಲಿಟರಿ ಟ್ರಂಕು ಅಷ್ಟೂ ದಿನ ಊರ ಮನೆಯ ದನದ ಕೊಟ್ಟಿಗೆಯಲ್ಲಿ ಎರಡು ಇಟ್ಟಿಗೆಯ ಮೇಲೆ ಕೂತಿತ್ತು. ನಮ್ಮದು ಶ್ರೀನಿವಾಸಪುರದ ಕಡೆ. ಮಾವಿನ ಕಾಲ ಬಂತೆಂದರೆ ಕ್ರೇಟುಗಳನ್ನೆಲ್ಲ ಅದರ ಮೇಲೇ ಪೇರಿಸುತ್ತಾರೆ. ಈ ಸಲ ಕ್ರೇಟು ಎತ್ತುವಾಗ ಟ್ರಂಕಿನ ತಳದಿಂದ ಹಿಡಿಯಷ್ಟು ತುಕ್ಕಿನ ಪುಡಿ ಉದುರಿತು. ಗುಜರಿಗೆ ಹಾಕೋಣ ಎಂದರು ಮಾವ. ನನಗೆ ಕೊಡಿ, ನಾನು ಮಾಡುತ್ತೇನೆ ಎಂದೆ. ಬೇಸಿಗೆ ರಜೆಯ ಹನ್ನೊಂದು ದಿನ ಇದಕ್ಕೇ ಹೋಯಿತು. ಏನೇನು ಮಾಡಿದೆ, ಎಲ್ಲಿ ಕೆಟ್ಟಿತು, ಏನು ಸಿಕ್ಕಿತು, ಎಲ್ಲ ಬರೆದಿಡುತ್ತಿದ್ದೇನೆ. ಇಂಥ ಕಪ್ಪು ಟ್ರಂಕು ಎಷ್ಟೋ ಮನೆಗಳ ಅಟ್ಟದಲ್ಲಿ ಇರುತ್ತದೆ, ಅಲ್ವಾ?

ಮೊದಲು ತಾತನ ಬಗ್ಗೆ ನಾಲ್ಕು ಮಾತು. 1963ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೆ, ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದರು. ಅದನ್ನೇ ಮದ್ರಾಸ್ ಸ್ಯಾಪರ್ಸ್ ಅನ್ನುತ್ತಾರೆ. 1780ರಿಂದ ಇರುವ ಪಡೆ. ಅಲ್ಲಿನ ಜವಾನರಿಗೆ ‘ತಂಬಿ’ ಎಂದೇ ಹೆಸರು. ಮನೆಯಲ್ಲಿ ತೆಲುಗು ಬೆರೆತ ಕನ್ನಡ ಆಡುತ್ತಿದ್ದ ತಾತ ಅಲ್ಲಿ ತಮಿಳು, ಹಿಂದಿ ಎರಡೂ ಕಲಿತರು. ಸ್ಯಾಪರ್ ಅಂದರೆ ಸೇತುವೆ ಕಟ್ಟುವವರು, ರಸ್ತೆ ಮಾಡುವವರು, ನೆಲಬಾಂಬು ತೆಗೆಯುವವರು. ತಾತನಿಗೆ ಜಾಸ್ತಿ ಬಿದ್ದದ್ದು ಕೊನೆಯ ಕೆಲಸ. ಹದಿನೆಂಟು ವರ್ಷ ನೌಕರಿ ಮಾಡಿ 1981ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದರು. ಆಮೇಲೆ ಸಾಯುವವರೆಗೂ ಮಾವು, ರಾಗಿ, ಕಡಲೆಕಾಯಿ.

ಯುದ್ಧದ ಬಗ್ಗೆ ಅವರು ಹೆಚ್ಚು ಹೇಳಿದವರಲ್ಲ. ಆದರೆ ಕೆಲಸ ಕಲಿಸುವಾಗ ಒಂದು ಮಾತು ತಪ್ಪದೆ ಹೇಳುತ್ತಿದ್ದರು: “ಬಿಚ್ಚೋ ಮುಂಚೆ ಗುರುತು ಹಾಕು.” ಪಂಪ್‌ಸೆಟ್ಟಾಗಲಿ, ಸೈಕಲ್ ಆಗಲಿ, ಮೊದಲು ಸೀಮೆಸುಣ್ಣ ಕೈಗೆ ತಗೋಬೇಕು. ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡಿದೆ.

ಮೊದಲ ದಿನ. ಟ್ರಂಕು ಅಂಗಳಕ್ಕೆ ಬಂತು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ತಗಡು 22 ಗೇಜು, ಅಂದರೆ ಸುಮಾರು 0.7 ಮಿಲಿಮೀಟರ್ ದಪ್ಪ. ಎಲ್ಲ ಬದಿಯ ಫೋಟೊ ತೆಗೆದೆ. ಕೀಲು, ಕೊಂಡಿ, ಹಿಡಿ ಎಲ್ಲಕ್ಕೂ ಒಂದೊಂದು ನಂಬರ್ ಕೊಟ್ಟು ಸೀಮೆಸುಣ್ಣದಲ್ಲಿ ಬರೆದೆ. ಒಳಗೆ ಕುಡುಗೋಲು, ಹಳೇ ಬೆಲ್ಟು, ಸ್ಪ್ಯಾನರು ತುಂಬಿದ್ದವು. ತಾತನ ಸಾಮಾನೆಲ್ಲ ಹಿಂದೆಯೇ ಅಜ್ಜಿಯ ಬೀರುವಿಗೆ ಹೋಗಿತ್ತು. ತಳದಲ್ಲಿ ಅಂಗೈ ಅಗಲದ ಎರಡು ತೂತು. ಬಲಗಡೆ ಹಿಡಿ ಇಲ್ಲ. ಹಿಂದಿನ ಮೂರು ಕೀಲುಗಳಲ್ಲಿ ಎರಡು ಜಾಮ್. ಮುಚ್ಚಳದ ಮೇಲೆ, ಮುಂಬದಿಯಲ್ಲಿ, ಎಡ ಪಕ್ಕದಲ್ಲಿ, ಹೀಗೆ ಮೂರು ಕಡೆ ಬಿಳಿ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಬರಹ: ಏಳಂಕಿಯ ನಂಬರ್, ಹವಾಲ್ದಾರ್ ಎಂಬುದರ ಮೂರಕ್ಷರ, ಕೆಳಗೆ ತಾತನ ಹೆಸರು.

ನನ್ನ ಯೋಜನೆ ಸುಲಭದ್ದಾಗಿತ್ತು. ತುಕ್ಕು ಉಜ್ಜಿ, ತೂತು ಮುಚ್ಚಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು, ಮೇಲೆ ಹೊಸ ಕಪ್ಪು ಎನಾಮಲ್ ಬಳಿದು, ಬಿಳಿ ಅಕ್ಷರ ಹೊಸದಾಗಿ ಬರೆಸೋದು. ಹಾಗೆ ಮಾಡಿದ್ದರೆ ಎರಡು ದಿನದ ಕೆಲಸ. ಮಾಡಲಿಲ್ಲ ಅನ್ನೋದು ಈಗ ನನಗೆ ದೊಡ್ಡ ಸಮಾಧಾನ.

ಎರಡು, ಮೂರನೇ ದಿನ ತುಕ್ಕಿನ ಜೊತೆ ಕಳೆದವು. ಕೀಲುಗಳಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಬಿಟ್ಟೆ. ಬೆಳಗ್ಗೆ ಮೆಲ್ಲಗೆ ಅಲುಗಾಡಿಸಿದರೆ ಒಂದು ಬಿಟ್ಟುಕೊಂಡಿತು, ಇನ್ನೊಂದಕ್ಕೆ ಮತ್ತೊಂದು ರಾತ್ರಿ ಬೇಕಾಯಿತು. ಕೊಂಡಿಗಳನ್ನು ಬಿಚ್ಚಿ ಹುಣಸೆಹಣ್ಣು ಕಿವುಚಿದ ಗಟ್ಟಿ ನೀರಲ್ಲಿ ನೆನೆಹಾಕಿದೆ. ಹುಣಸೆಯ ಹುಳಿ ತುಕ್ಕನ್ನು ಚೆನ್ನಾಗಿ ತಿನ್ನುತ್ತದೆ. ಆದರೆ ಜಾಸ್ತಿ ಹೊತ್ತು ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ. ಒಂದು ರಾತ್ರಿ ಸಾಕು. ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು, ಬಿಸಿಲಲ್ಲಿ ಪೂರಾ ಒಣಗಿಸಿ, ತಕ್ಷಣ ಎಣ್ಣೆ ಸವರಬೇಕು. ಸೋಡಾದಲ್ಲಿ ತೊಳೆಯದಿದ್ದರೆ ಒಳಗೆ ಉಳಿದ ಹುಳಿ ಎರಡೇ ದಿನದಲ್ಲಿ ಮತ್ತೆ ತುಕ್ಕು ತರುತ್ತದೆ.

ಟ್ರಂಕಿನ ಒಳಮೈಗೆ ಬೇರೆ ಉಪಾಯ. ಗ್ರಂದಿಗೆ ಅಂಗಡಿಯಿಂದ ಕಾಲು ಕೆಜಿ ಅಳಲೆಕಾಯಿ ತಂದು, ಜಜ್ಜಿ, ಎರಡು ಲೀಟರ್ ನೀರಲ್ಲಿ ಹಾಕಿ ಅರ್ಧ ಆಗುವವರೆಗೆ ಕುದಿಸಿದೆ. ಅಳಲೆಕಾಯಿಯಲ್ಲಿ ಟ್ಯಾನಿನ್ ಅನ್ನೋ ಒಗರು ಅಂಶ ಧಾರಾಳ. ಅದು ತುಕ್ಕಿನ ಜೊತೆ ಸೇರಿ ನೀಲಿ ಮಿಶ್ರಿತ ಕಪ್ಪು ಪದರ ಆಗುತ್ತದೆ. ಹಿಂದೆ ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕೆಲಸ ಇಲ್ಲಿ ತಗಡಿನ ಮೇಲೆ ನಡೆಯುತ್ತದೆ. ಸಡಿಲ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉದುರಿಸಿ, ಸೋಸಿದ ಕಷಾಯವನ್ನು ಬ್ರಷ್‌ನಲ್ಲಿ ಬಳಿದೆ. ಹತ್ತು ನಿಮಿಷದೊಳಗೆ ಕೆಂಪು ಇದ್ದದ್ದೆಲ್ಲ ಕಪ್ಪಾಯಿತು. ಒಣಗಿಸಿ ಇನ್ನೊಂದು ಸಲ ಬಳಿದೆ. ಕೈಗೂ ಬಟ್ಟೆಗೂ ಹತ್ತಿದರೆ ಹೋಗುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ.

ನಾಲ್ಕನೇ ದಿನ ತಪ್ಪು ಮಾಡಿದೆ. ತಳದ ತೂತು ಮುಚ್ಚಿಸಲು ಟ್ರಂಕನ್ನು ಒಂದು ವರ್ಕ್‌ಶಾಪಿಗೆ ಒಯ್ದೆ. ಅಷ್ಟು ತೆಳು ತಗಡು, ಮೇಲಾಗಿ ತುಕ್ಕು ತಿಂದದ್ದು. ವೆಲ್ಡಿಂಗ್ ಶಾಖ ತಡೆಯದೆ ಸುಟ್ಟು, ಅಂಗೈ ಅಗಲದ ತೂತು ಎರಡು ಅಂಗೈ ಆಯಿತು. ನಿಲ್ಲಿಸಿ ಎಂದು ಹೇಳಿ ಮನೆಗೆ ತಂದೆ. ಆ ರಾತ್ರಿ ನಿಜಕ್ಕೂ ಬೇಜಾರಾಗಿತ್ತು. ಟ್ರಂಕನ್ನೇ ನೋಡುತ್ತಾ ಕೂತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಡೀ ಟ್ರಂಕಿನಲ್ಲಿ ಎಲ್ಲೂ ವೆಲ್ಡಿಂಗ್ ಇಲ್ಲ. ಎಲ್ಲ ರಿವೆಟ್ಟು, ಎಲ್ಲ ಮಡಿಕೆ. ಅದನ್ನು ಮಾಡಿದವರ ದಾರಿ ಅದರ ಮೈಮೇಲೇ ಬರೆದಿತ್ತು.

ಮಾರನೇ ದಿನ ಅದೇ ಗೇಜಿನ ತಗಡು ತಂದು, ತೂತಿಗಿಂತ ಸುತ್ತ ಒಂದಿಂಚು ಹೆಚ್ಚು ಬಿಟ್ಟು ಎರಡು ತೇಪೆ ಕತ್ತರಿಸಿದೆ. ತೇಪೆಯ ಒಳಮೈ, ಟ್ರಂಕಿನ ತಳ, ಎರಡಕ್ಕೂ ಮೊದಲೇ ರೆಡ್ ಆಕ್ಸೈಡ್ ಹೊಡೆದು ಒಣಗಿಸಿದೆ. ಕೂರಿಸಿದ ಮೇಲೆ ಆ ಸಂದಿಗೆ ಬ್ರಷ್ ಹೋಗುವುದಿಲ್ಲ, ನೀರು ಮಾತ್ರ ಹೋಗುತ್ತದೆ. ರಿವೆಟ್ಟು 3 ಮಿಲಿಮೀಟರಿನ ಗುಂಡುತಲೆಯದು, ಕಬ್ಬಿಣದ್ದೇ. ಅಲ್ಯೂಮಿನಿಯಂ ರಿವೆಟ್ಟು ಸುಲಭ, ಗನ್‌ನಿಂದ ಟಕ್ ಎಂದು ಕೂರುತ್ತದೆ. ಆದರೆ ಬೇರೆ ಬೇರೆ ಲೋಹ ಸೇರಿದ ಕಡೆ ತೇವ ಬಿದ್ದರೆ ಅಲ್ಲೇ ಕೊರೆತ ಶುರು. ಒಂದೊಂದು ಇಂಚಿಗೆ ಒಂದು ತೂತು. ಮಾವನ ಮಗ ಕೆಳಗಿನಿಂದ ಭಾರದ ಸುತ್ತಿಗೆ ಒತ್ತಿ ಹಿಡಿದ, ನಾನು ಮೇಲಿಂದ ಬಡಿದೆ. ಮೂವತ್ತಾರು ರಿವೆಟ್ಟು. ನೀರು ತುಂಬಿಸಿ ನೋಡಿದರೆ ಒಂದೇ ಕಡೆ ಜಿನುಗಿತು, ಅಲ್ಲಿ ಇನ್ನೆರಡು ಬಡಿದೆವು.

ಇನ್ನು ಬಣ್ಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ್ದನ್ನು ಉಜ್ಜಿ ಪುಡಿ ಎಬ್ಬಿಸಬೇಡಿ. ವಾಟರ್ ಪೇಪರ್ (ನೀರು ತಾಗಿದರೂ ಹಾಳಾಗದ ಉಪ್ಪುಕಾಗದ) ನೀರಲ್ಲಿ ಅದ್ದಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ, ಕೊನೆಗೆ ಆ ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಚರಂಡಿಗೋ ತೋಟಕ್ಕೋ ಬಿಡಬೇಡಿ.

ಎಡ ಪಕ್ಕದಲ್ಲಿ ರ‍್ಯಾಂಕಿನ ಅಕ್ಷರ ಇದ್ದ ಜಾಗದಲ್ಲಿ ಬಣ್ಣ ಸ್ವಲ್ಪ ಉಬ್ಬಿದ ಹಾಗಿತ್ತು. ಬೆರಳಾಡಿಸಿದರೆ ಗೊತ್ತಾಗುತ್ತಿತ್ತು. 600ರ ಪೇಪರಿನಲ್ಲಿ ಮೆಲ್ಲಗೆ ಉಜ್ಜಿದೆ. ಹವಾಲ್ದಾರ್ ಅಕ್ಷರ ಸವೆದು ಕಪ್ಪು ಬಂತು. ಕಪ್ಪಿನ ಕೆಳಗೆ ಮತ್ತೆ ಬಿಳಿ. ಗಾಬರಿಯಾಗಿ ಕೈ ತೆಗೆದೆ. ನೀರು ಸುರಿದು ನೋಡಿದರೆ ಎರಡಕ್ಷರ: ‘ಎನ್‌ಕೆ’. ನಾಯಕ್! ತಾತ ಹವಾಲ್ದಾರ್ ಆಗುವ ಮೊದಲು ನಾಯಕ್ ಆಗಿದ್ದರು. ಬಡ್ತಿ ಸಿಕ್ಕಾಗ ಹೊಸ ಟ್ರಂಕು ಬರುವುದಿಲ್ಲ. ಹಳೇ ರ‍್ಯಾಂಕಿನ ಮೇಲೆ ಒಂದು ಕಪ್ಪು ಪಟ್ಟಿ ಎಳೆದು ಹೊಸ ರ‍್ಯಾಂಕು ಬರೆಯೋದು. ನಂಬರು, ಹೆಸರು ಹಾಗೇ ಇರುತ್ತವೆ.

ಹಾಗಾದರೆ ಇನ್ನೂ ಕೆಳಗೆ? ಕೈ ನಡುಗುತ್ತಿತ್ತು. 800ರ ಪೇಪರು ತಗೊಂಡೆ. ಬೆರಳಿಗೆ ಸುತ್ತಿ, ಒಂದೊಂದು ಅಂಗುಲ ಉಜ್ಜಿ, ಒರೆಸಿ, ನೋಡಿ, ಮತ್ತೆ ಉಜ್ಜಿ. ಮಧ್ಯೆ ಒಂದು ಸಲ ಬೇಗ ಆಗಲಿ ಎಂದು ಹಿಂಬದಿಯ ಮೂಲೆಯಲ್ಲಿ ಥಿನ್ನರ್ ಹಚ್ಚಿ ಪರೀಕ್ಷೆ ಮಾಡಿದೆ. ಎಲ್ಲ ಪದರವೂ ಒಟ್ಟಿಗೆ ಸುಕ್ಕುಗಟ್ಟಿತು. ಥಿನ್ನರ್ ಬೇಡವೇ ಬೇಡ, ಇದು ಬರೀ ಪೇಪರಿನ, ತಾಳ್ಮೆಯ ಕೆಲಸ. ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪು ಹೋಗಿ ಎಲೆಹಸಿರು ಮಿಲಿಟರಿ ಬಣ್ಣ ಕಂಡಿತು. ಅದರ ಮೇಲೆ ಮಸುಕು ಬಿಳಿಯಲ್ಲಿ ‘ಎಸ್‌ಪಿಆರ್’. ಸ್ಯಾಪರ್. 1963ರಲ್ಲಿ ಮನೆ ಬಿಟ್ಟು ಹೋದ ಹತ್ತೊಂಬತ್ತರ ಹುಡುಗನ ರ‍್ಯಾಂಕು.

ನನಗೆ ಗೊತ್ತಿದ್ದ ತಾತ ಯಾವಾಗಲೂ ಹವಾಲ್ದಾರ್. ಊರಲ್ಲಿ ಎಲ್ಲರೂ ಕರೆಯುತ್ತಿದ್ದದ್ದೂ ಹಾಗೇ. ಆ ಹುಡುಗನನ್ನು ನಾನು ಯಾವತ್ತೂ ನೋಡಿರಲಿಲ್ಲ. ಆ ಮೂರಕ್ಷರದ ಮುಂದೆ ಸುಮ್ನೆ ತುಂಬ ಹೊತ್ತು ಕೂತಿದ್ದೆ.

ಸಂಜೆ ಹೊತ್ತಿಗೆ ತೀರ್ಮಾನ ಆಯಿತು. ಹೊರಮೈಗೆ ಹೊಸ ಬಣ್ಣ ಹೊಡೆಯುವುದಿಲ್ಲ. ಬರಹ ಮೂರು ಕಡೆ ಇದೆ, ರ‍್ಯಾಂಕೂ ಮೂರು. ಎಡ ಪಕ್ಕದಲ್ಲಿ ಸ್ಯಾಪರ್, ಮುಂಬದಿಯಲ್ಲಿ ನಾಯಕ್, ಮುಚ್ಚಳದ ಮೇಲೆ ಹವಾಲ್ದಾರ್. ಮುಚ್ಚಳವನ್ನು ಮುಟ್ಟುವ ಹಾಗೇ ಇಲ್ಲ. ಮುಂಬದಿಯಲ್ಲಿ ಮಾತ್ರ ಒಂದೇ ಪದರ ತೆಗೆದು ನಿಲ್ಲಿಸಬೇಕು.

ಏಳು, ಎಂಟನೇ ದಿನ ಮುಂಬದಿ. ಇದು ಪಕ್ಕದ್ದಕ್ಕಿಂತ ಕಷ್ಟ, ಯಾಕೆಂದರೆ ನಡುವಿನ ಪದರದಲ್ಲಿ ಸರಿಯಾಗಿ ನಿಲ್ಲಬೇಕು. ಒಂದು ಉಜ್ಜು ಜಾಸ್ತಿಯಾದರೆ ನಾಯಕ್ ಹೋಗಿ ಸ್ಯಾಪರ್ ಬಂದುಬಿಡುತ್ತದೆ. ಉಜ್ಜುತ್ತಾ ಕಡಲೆಕಾಯಿ ಹೊಲದಲ್ಲಿ ತಾತ ಕೆಲಸ ಮಾಡುತ್ತಿದ್ದ ರೀತಿ ನೆನಪಾಯಿತು. ಬೇರೆಯವರು ಗುದ್ದಲಿ ನೇರ ಇಳಿಸುತ್ತಿದ್ದರು. ತಾತ ಚಿಕ್ಕ ಸಲಿಕೆಯನ್ನು ಓರೆಯಾಗಿ, ನೆಲಕ್ಕೆ ಹತ್ತಿರ ಬಾಗಿಸಿ, ಪಕ್ಕದಿಂದ ತೂರಿಸುತ್ತಿದ್ದರು. ಏನಾದರೂ ತಗುಲಿದರೆ ನಿಲ್ಲಿಸಿ ಬೆರಳಿಂದ ಮಣ್ಣು ಸರಿಸುತ್ತಿದ್ದರು. ಕಾಯಿ ಒಡೆಯಬಾರದು ಅಂತ ಹೀಗೆ ಎಂದುಕೊಂಡಿದ್ದೆ. ನೆಲಬಾಂಬು ಹುಡುಕುವ ಕ್ರಮವೇ ಅದು ಎಂದು ಆಮೇಲೆ ಓದಿ ತಿಳಿದೆ. ಸರಳನ್ನು ಸುಮಾರು 30 ಡಿಗ್ರಿ ಓರೆಯಾಗಿ ಚುಚ್ಚಬೇಕು. ಬಾಂಬು ಸಿಡಿಯುವುದು ಮೇಲಿಂದ ಭಾರ ಬಿದ್ದಾಗ, ಪಕ್ಕಕ್ಕೆ ತಾಗಿದರೆ ಉಳಿಯಬಹುದು. ಸ್ವಚ್ಛ ಮಾಡಿದ ದಾರಿಯ ಎರಡೂ ಕಡೆ ಬಿಳಿ ಪಟ್ಟಿ ಹಾಸಿಕೊಂಡು ಹೋಗಬೇಕು, ಹಿಂದೆ ಬರುವವರಿಗೆ ಗೊತ್ತಾಗಲಿ ಎಂದು. ಬಿಚ್ಚೋ ಮುಂಚೆ ಗುರುತು ಹಾಕು ಅನ್ನುವ ಮಾತು ಎಲ್ಲಿಂದ ಬಂತು ಎಂದು ನನಗೆ ಅರ್ಥ ಆದದ್ದು ಆವಾಗ.

1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, ತಾತ ಗಡಿಯಾಚೆಯ ಶಕರ್‌ಗಢದ ಕಡೆ ಇದ್ದರು. ಬಸಂತರ್ ಅನ್ನೋ ನದಿಯ ಹೆಸರನ್ನು ಅವರ ಬಾಯಲ್ಲಿ ಎರಡೋ ಮೂರೋ ಸಲ ಕೇಳಿದ್ದೇನೆ. ಅಲ್ಲಿ ಡಿಸೆಂಬರ್ 15ರ ರಾತ್ರಿ ಸ್ಯಾಪರುಗಳು ಟ್ಯಾಂಕುಗಳಿಗಾಗಿ ನೆಲಬಾಂಬಿನ ಹೊಲದಲ್ಲಿ ದಾರಿ ಬಿಡಿಸುತ್ತಿದ್ದರು. ಕೆಲಸ ಅರ್ಧ ಆಗಿರುವಾಗಲೇ ನದಿಯಾಚೆ ಇದ್ದ ನಮ್ಮವರಿಗೆ ಟ್ಯಾಂಕುಗಳ ನೆರವು ಬೇಕಾಯಿತು. ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಉಳಿದ ಬಾಂಬಿನ ಹೊಲದ ಮೇಲೇ ನುಗ್ಗಿದವು. ಮಾರನೇ ದಿನ ಅಲ್ಲೇ ಇಪ್ಪತ್ತೊಂದು ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹೋರಾಡುತ್ತಾ ಸತ್ತರು, ಅವರಿಗೆ ಪರಮವೀರ ಚಕ್ರ ಬಂತು. ದಾರಿ ಬಿಡಿಸಿದ 9 ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತ್ತನ್ ಚೌಧರಿ ಅವರಿಗೆ ಮರಣಾನಂತರ ಮಹಾವೀರ ಚಕ್ರ. ಖೇತ್ರಪಾಲ್ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಆ ರಾತ್ರಿ ಮಣ್ಣಿನ ಮೇಲೆ ಮಂಡಿಯೂರಿ ಸರಳು ಚುಚ್ಚುತ್ತಿದ್ದವರನ್ನೂ ನೆನೆಸಿಕೊಳ್ಳಬೇಕು ಅಂತ ನನ್ನ ಆಸೆ. ತಾತ ನನಗೆ ಹೇಳಿದ್ದು ಇಷ್ಟೇ: “ಚಳಿಗೆ ಬೆರಳು ಮರಗಟ್ಟೋದು. ಬೆರಳಲ್ಲೇ ಅಲ್ವಾ ನೋಡಬೇಕಾದ್ದು, ಅದಕ್ಕೇ ಕಂಕುಳಲ್ಲಿ ಇಟ್ಕೊಂಡು ಬಿಸಿ ಮಾಡ್ಕೊಳ್ತಿದ್ವಿ.”

ಮುಂಬದಿಯಲ್ಲಿ ನಾಯಕ್ ಪದರ ಬಂತು. ಆದರೆ ಪಕ್ಕದಲ್ಲಿ ಕಂಡ ಹಾಗೆ ಇರಲಿಲ್ಲ. ಇಲ್ಲಿ ‘ಎನ್’ ಅಕ್ಷರ ತಿರುಗುಮುರುಗು ಆಗಿತ್ತು, ಕನ್ನಡಿಯಲ್ಲಿ ನೋಡಿದ ಹಾಗೆ ಅಡ್ಡಗೆರೆ ಉಲ್ಟಾ. ಬಣ್ಣವೂ ದಪ್ಪ, ಗೆರೆ ಅಂಕುಡೊಂಕು. ತಾತನ ಕೈ ಅಲ್ಲ, ಅವರ ಅಕ್ಷರ ಅಚ್ಚು ಹಾಕಿದ ಹಾಗಿರುತ್ತಿತ್ತು. ಸರಿ ಮಾಡಲಾ, ಬಿಡಲಾ ಎಂದು ಒಂದು ದಿನ ಯೋಚಿಸಿದೆ. ಬ್ರಷ್ ಕೂಡ ತೆಗೆದಿಟ್ಟಿದ್ದೆ.

ನಡುವೆ ಮೆಡಲುಗಳ ಕೆಲಸ ಮುಗಿಸಿದೆ. ಅಜ್ಜಿಯ ಬೀರುವಿನಲ್ಲಿ ತಾತನ ಹಳೇ ಅಂಗೋಲಾ ಶರ್ಟಿನ (ಮಿಲಿಟರಿಯ ಉಣ್ಣೆ ಶರ್ಟು) ಜೇಬಿನಲ್ಲಿ ಗಂಟು ಕಟ್ಟಿಟ್ಟಿದ್ದರು. ಪಶ್ಚಿಮೀ ಸ್ಟಾರ್, ರಕ್ಷಾ ಮೆಡಲ್ 1965, 1971ರ ಯುದ್ಧದ ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷದ ಮೆಡಲ್, ಒಂಬತ್ತು ವರ್ಷ ಸೇವೆಯದು. ಇವನ್ನು ಬ್ರಾಸೋದಂಥ ಲೋಹದ ಪಾಲಿಶ್ ಹಾಕಿ ಫಳಫಳ ಮಾಡಲು ಹೋಗಬೇಡಿ. ಅಂಚಿನ ಸಣ್ಣ ಅಕ್ಷರದ ನಂಬರು, ರ‍್ಯಾಂಕು, ಹೆಸರು ಸವೆದುಹೋಗುತ್ತವೆ. ಉಗುರುಬೆಚ್ಚಗಿನ ನೀರು, ಚೂರು ಸೋಪು, ಮೆತ್ತನೆ ಬ್ರಷ್, ಅಷ್ಟೇ. ಭೂತಗನ್ನಡಿಯಲ್ಲಿ ಅಂಚು ಓದಿದೆ. ರಕ್ಷಾ ಮೆಡಲಿನ ಮೇಲೆ ಎಸ್‌ಪಿಆರ್, ಸಂಗ್ರಾಮ್ ಮೆಡಲಿನ ಮೇಲೆ ಎನ್‌ಕೆ. ಟ್ರಂಕಿನ ಪದರಗಳು ಹೇಳಿದ್ದನ್ನೇ ಇವೂ ಹೇಳಿದವು. ರಿಬ್ಬನ್‌ಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. 32 ಮಿಲಿಮೀಟರ್ ಅಗಲದ ಹೊಸವು ಬೆಂಗಳೂರಿನಲ್ಲಿ ಮಿಲಿಟರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಕ್ಕಿದವು. ಹಳೆಯವನ್ನು ಎಸೆಯದೆ ಕಾಗದದ ಕವರಿನಲ್ಲಿ ಇಟ್ಟಿದ್ದೇನೆ. ನಾವು ಎದುರಿಂದ ನೋಡುವಾಗ ಎಡಗಡೆ ಮೊದಲು ಪಶ್ಚಿಮೀ ಸ್ಟಾರ್, ಕೊನೆಗೆ ಒಂಬತ್ತು ವರ್ಷದ್ದು. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಬಟ್ಟೆ ಸಾಕು.

ಒಂಬತ್ತನೇ ದಿನ ಸಂಜೆ ಅಜ್ಜಿ ಅಂಗಳಕ್ಕೆ ಬಂದು ಟ್ರಂಕಿನ ಮುಂದೆ ಕೂತರು. ಅವರಿಗೆ ಈಗ ಕಣ್ಣು ಅಷ್ಟು ಕಾಣುವುದಿಲ್ಲ. ಮುಂಬದಿಯ ಮೇಲೆ ಬೆರಳಾಡಿಸುತ್ತಾ ಹೋದವರು ಆ ತಿರುಗುಮುರುಗು ಅಕ್ಷರದ ಹತ್ತಿರ ನಿಂತರು.

“ಇದು ನಾನು ಬರ‍್ದಿದ್ದು” ಎಂದರು.

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡವೂ ಮೂರನೇ ಕ್ಲಾಸಿನವರೆಗೆ. ಯುದ್ಧ ಮುಗಿದ ಮೇಲೆ, 1972ರಲ್ಲಿ, ತಾತ ರಜಾಕ್ಕೆ ಬಂದಾಗ ನಾಯಕ್ ಆಗಿದ್ದರಂತೆ. ಅಂಗಳದಲ್ಲೇ ಕೂತು ಮುಚ್ಚಳದ ಮೇಲೆ, ಪಕ್ಕದಲ್ಲಿ ಹೊಸ ರ‍್ಯಾಂಕು ಬರೆದರು. ಮುಂಬದಿಯದು ನಾನು ಬರೀತೀನಿ ಎಂದು ಅಜ್ಜಿ ಹಟ ಹಿಡಿದರು. ತಾತ ಎರಡಕ್ಷರವನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅಜ್ಜಿ ಆ ತೆಳು ಚೀಟಿಯನ್ನು ಮಗುಚಿ ಇಟ್ಟುಕೊಂಡು, ಹಿಂದಿನಿಂದ ಕಾಣುವ ಗೆರೆ ನೋಡಿ ‘ಎನ್’ ಬರೆದರಂತೆ. ಆಮೇಲೆ ತಾತ ನೋಡಿ ಚೀಟಿ ತಿರುಗಿಸಿ ಕೊಟ್ಟರು, ಎರಡನೆಯದು ಸರಿ ಬಂತು.

“ಅಳಿಸ್ತೀನಿ ಅಂದೆ. ಇರ‍್ಲಿ ಬಿಡು, ರೈಲ್ವೇ ಸ್ಟೇಷನ್‌ನಲ್ಲಿ ನೂರು ಟ್ರಂಕು ಸಾಲಾಗಿ ಇಟ್ಟಿರ‍್ತಾರೆ, ನಂದು ಯಾವುದು ಅಂತ ದೂರದಿಂದಾನೇ ಗೊತ್ತಾಗುತ್ತೆ ಅಂದ್ರು. ಹವಾಲ್ದಾರ್ ಆದಾಗ ಅಲ್ಲೇ ಪೇಂಟರ್ ಹತ್ರ ಬರೆಸ್ಕೊಂಡು ಬಂದ್ರು. ಇದು ಹೋಯ್ತು ಅಂದ್ಕೊಂಡಿದ್ದೆ ನಾನು.”

ಮತ್ತೆ ಮತ್ತೆ ಅದನ್ನೇ ಸವರುತ್ತಿದ್ದರು. ನಾನು ಬ್ರಷ್ ಒಳಗಿಟ್ಟೆ.

ಹತ್ತನೇ ದಿನ ಒಳಮೈಗೆ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಎನಾಮಲ್ ಎರಡು ಕೋಟು. ಹೊರಮೈಗೆ ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ ಬಳಿದು, ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನೆಲ್ಲ ಒರೆಸಿಬಿಟ್ಟೆ. ಒರೆಸದಿದ್ದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಒಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ಅದ್ದಿ, ಬಿಚ್ಚಿ ಹರಡಿ ಒಣಗಿಸಿ. ಎಣ್ಣೆ ಬಿದ್ದ ಮೇಲೆ ಮೂರೂ ಕಡೆಯ ಬಿಳಿ ಅಕ್ಷರ ಸ್ಪಷ್ಟವಾಗಿ ಎದ್ದುಬಂತು, ಹಸಿರು ಪದರ ಕೂಡ.

ಹನ್ನೊಂದನೇ ದಿನ ಕೀಲು, ಕೊಂಡಿ ಅವರವರ ನಂಬರಿನ ಜಾಗಕ್ಕೆ ಹೋದವು. ಟ್ರಂಕು ಈಗ ಅಜ್ಜಿಯ ಮಂಚದ ಪಕ್ಕ, ಮುಂಬದಿ ಅವರ ಕೈಗೆ ಎಟುಕುವ ಹಾಗೆ. ಒಳಗೆ ಅಂಗೋಲಾ ಶರ್ಟು, ಮೆಸ್ ಟಿನ್, ಪಿಂಚಣಿ ಪುಸ್ತಕ, ಮೆಡಲು, ನಾಲ್ಕು ನುಸಿಗುಳಿಗೆ. ಬಲಗಡೆ ಹಿಡಿ ಇನ್ನೂ ಸಿಕ್ಕಿಲ್ಲ. ಮಾಲೂರಿನ ಸಂತೆಯಲ್ಲಿ ಹಳೇ ಟ್ರಂಕಿನ ಸಾಮಾನು ಮಾರುವವರು ಬರುತ್ತಾರಂತೆ. ಎಡಗಡೆಯ ಹಿಡಿಯ ಅಳತೆ ಬರೆದುಕೊಂಡಿದ್ದೇನೆ: ರಿವೆಟ್ ತೂತಿನಿಂದ ತೂತಿಗೆ ನಾಲ್ಕೂಕಾಲು ಇಂಚು. ಗುರುವಾರ ಹೋಗಿ ನೋಡಬೇಕು.